ಹಿಂದಿನ ಹಾಳೆಯ ಉತ್ತರಗಳು

ನಮ್ಮಣ್ಣ ಅಂಬಾದಾಸನಿಗೆ ನಗರದ ಪೇಟೆ ಅಬಿಡ್ಸ್‌ನಲ್ಲಿ ಹಳೆ ಪುಸ್ತಕದ ಅಂಗಡಿ. ಅಂಗಡಿ ಎನ್ನುವುದು ಅವನ ಮಾತು. ನೋಡಿದವರು ಫುಟ್‌ಪಾತು ಎನ್ನುತ್ತಾರೆ. ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಪಕ್ಕ ಗೋಡೆಗೆ ಒರಗಿಸಿದ ಹಲಗೆಗಳು, ಮೇಲೊಂದು ನೀಲಿ ತಾಡಪತ್ರಿ, ಕೆಳಗೆ ಅವನು. ಕೂತಿರುವ ಠೀವಿ ನೋಡಿದರೆ ಮಾತ್ರ ಹಿಂದಿನ ಬಟ್ಟೆ ಅಂಗಡಿಯೂ ಅವನದೇ ಇರಬೇಕು ಅನಿಸುತ್ತದೆ. ನಮ್ಮೂರು ಆಳಂದದಿಂದ ಯಾರೇ ನೆಂಟರು ಬರಲಿ, ಊಟಕ್ಕೆ ಕೂಡುವ ಮೊದಲೇ ಒಂದು ಮಾತು ಅವರ ಕಿವಿಗೆ ಬಿದ್ದಿರಲೇಬೇಕು: “ನಮ್ಮ ಮನ್ಯಾಗ ಯಾವುದಕ್ಕ ಕಡಿಮಿ ಇದ್ರೂ ಪುಸ್ತಕಕ್ಕ ಬರ ಇಲ್ರಿ.”

ದೀಪದ ಬುಡದಲ್ಲೇ ಕತ್ತಲೆ ಎನ್ನುವ ಗಾದೆಯನ್ನು ಯಾರೋ ನಮ್ಮ ಮನೆ ನೋಡಿಯೇ ಮಾಡಿದ್ದಾರೆ.

ಜೂನ್ ಬಂತೆಂದರೆ ಅಣ್ಣ ದಪ್ಪ ಸೂಜಿ, ಮೇಣದ ದಾರ ಹಿಡಿದು ಕೂಡುತ್ತಾನೆ. ಹರಿದ ನಾಲ್ಕಾರು ಪುಸ್ತಕ ಬಿಚ್ಚಿ, ಹಾಳೆಗೆ ಹಾಳೆ ಹೊಂದಿಸಿ, ಒಂದೆರಡು ಇಡಿಯಾದ ಪುಸ್ತಕ ಹೊಲಿಯುವುದು ಅವನ ಕಸುಬು. ಹೊಲಿಗೆ ಎಷ್ಟು ಚೊಕ್ಕ ಎಂದರೆ ಕೊಂಡವರಿಗೆ ಅದು ಹಲವರ ಮಕ್ಕಳು ಓದಿದ ಪುಸ್ತಕ ಎಂಬ ಅನುಮಾನವೂ ಬರುವುದಿಲ್ಲ. ಮಾರುವ ಪುಸ್ತಕ ಹೊಲಿದಾದ ಮೇಲೆ ಉಳಿದ ಹಾಳೆಗಳನ್ನು ಸೇರಿಸಿ ಇನ್ನೊಂದು ಹೊಲಿಯುತ್ತಾನೆ. ಅದು ಮಗಳು ಶಾಂಭವಿಗೆ. ಅದರಲ್ಲಿ ಯಾವ ಹಾಳೆ ಇದೆ, ಯಾವುದಿಲ್ಲ ಎಂದು ಅವನು ಒಮ್ಮೆಯೂ ನೋಡಿದವನಲ್ಲ. ಪುಸ್ತಕ ದಪ್ಪಗಿದ್ದರೆ ಸಾಕು, ಮಗಳ ವಿದ್ಯೆ ಪೂರ್ತಿಯಾಯಿತು ಎಂದೇ ಅವನ ನಂಬಿಕೆ.

ಇನ್ನು ಶಾಂಭವಿ. ಹತ್ತನೇ ತರಗತಿ. ಕೇಳುವುದು ಎಂದರೆ ಈ ಹುಡುಗಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ತಾಟಿನಲ್ಲಿ ಪಲ್ಯ ಮುಗಿದರೆ ಬರೀ ರೊಟ್ಟಿ ತಿಂದು ಏಳುತ್ತಾಳೆ, ಇನ್ನಷ್ಟು ಎನ್ನುವುದಿಲ್ಲ. ಚಪ್ಪಲಿಯ ಉಂಗುಷ್ಟ ಕಿತ್ತರೆ ಪಿನ್ನು ಹಾಕಿಕೊಂಡು ನಡೆಯುತ್ತಾಳೆ. ನಮ್ಮ ವೈನಿ, ಅಣ್ಣನ ಹೆಂಡತಿ ಸುಂದರಾಬಾಯಿ, ಇದನ್ನು ಗುಣ ಎಂದು ಕೇರಿಯಲ್ಲೆಲ್ಲ ಹೊಗಳುತ್ತಾಳೆ. ನನಗೆ ಮೈ ಉರಿಯುತ್ತದೆ. “ಬಾಯಿದ್ದವರು ಬರಗಾಲದಾಗೂ ಬದುಕ್ತಾರ, ನೀ ಸುಗ್ಗ್ಯಾಗ ಉಪವಾಸ ಬೀಳ್ತಿ ನೋಡು” ಎಂದು ನಾನು ಬೈದರೆ, “ಇರ್ಲಿ ಬಿಡು ಅತ್ತಿ” ಎಂದು ನಗುತ್ತಾಳೆ.

ನಾನು ವಿಜಯಶ್ರೀ, ಅಂಬಾದಾಸನ ತಂಗಿ. ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿಗೆ ಒಂದೊಂದೇ ಅಂಕಿ ಕೊಟ್ಟು, ಎಲ್ಲಿ ಎಡವುತ್ತದೆ ನೋಡಿ, ಬರೆದವರ ಮುಖಕ್ಕೆ ಹಿಡಿಯುವುದು ನನ್ನ ಕೆಲಸ. “ತಪ್ಪು ಹುಡುಕಾಕ ಪಗಾರ ಕೊಡ್ತಾರ? ಮನ್ಯಾಗ ಪುಕ್ಕಟೆ ಮಾಡ್ತಿದ್ದೆಲ್ಲ!” ಎಂದು ಅಣ್ಣ ಇವತ್ತಿಗೂ ಅಚ್ಚರಿಪಡುತ್ತಾನೆ. ಮಾದಾಪುರದ ಬಂಡೆ ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದ ಕಾಲ ಅದು. ನಾವಿದ್ದ ಕೂಕಟ್‌ಪಲ್ಲಿಯಲ್ಲಿ ಪ್ರತಿ ಮನೆಯಿಂದಲೂ ಒಂದು ಮಗು ಎಂಜಿನಿಯರ್ ಆಗಲೇಬೇಕಿತ್ತು. ಎರಡಿದ್ದ ಮನೆಯಲ್ಲಿ ಎರಡೂ. ನಮ್ಮ ಮನೆಯಲ್ಲಿ ಇದ್ದದ್ದು ಇದೊಂದೇ, ಅದೂ ಬಾಯಿ ಬಿಡದ್ದು.

ಅವಳ ಶಾಲೆಯವರು ದಸರೆ ರಜೆ ಮುಗಿದ ಮೇಲೆ ಹತ್ತನೇ ತರಗತಿಯನ್ನು ಎರಡು ಭಾಗ ಮಾಡುತ್ತಿದ್ದರು. ಎ ಸೆಕ್ಷನ್ನಿನವರಿಗೆ ಗಣಿತ ಆಳವಾಗಿ, ಮುಂದಿನ ಎಂಟ್ರೆನ್ಸಿನ ಮೇಲೆ ಕಣ್ಣಿಟ್ಟು. ಬಿ ಸೆಕ್ಷನ್ನಿನವರಿಗೆ ಪಾಸಾಗುವಷ್ಟು. ಯಾರು ಎಲ್ಲಿ ಎನ್ನುವುದನ್ನು ಗಣಿತದ ಸಾವಿತ್ರಿ ಟೀಚರ್ ಹೇಳಬೇಕು. ಶಾಂಭವಿಗೆ ಎ ಸೆಕ್ಷನ್ ಬೇಕಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಹೇಳುವವಳೂ ಅಲ್ಲ. ಆದರೆ ಸಾವಿತ್ರಿ ಟೀಚರ್ ಎನ್ನುವಾಗ ಅವಳ ಮುಖ ನೋಡಿದರೆ ಸಾಕು, ತಿಳಿಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು ಚಾಪೆಯ ಮೇಲೆ ಉರುಳಿದ್ದೆ. ಪಕ್ಕದಲ್ಲಿ ಶಾಂಭವಿ ಹಾಳೆಯ ತುಂಬ ಮೆಟ್ಟಿಲು ಮೆಟ್ಟಿಲಾಗಿ ಏನೋ ಇಳಿಸುತ್ತಿದ್ದಳು.

“ಏನ್ ಮಾಡಾಕತ್ತೀ?”

“ಭಾಗಾಕಾರ ಅತ್ತಿ. x² − 5x + 6 ನ್ನ x − 1 ರಿಂದ ಭಾಗಿಸಿದ್ರ ಶೇಷ ಎಷ್ಟು ಅಂತ.”

ನನಗೆ ನಗು ಬಂತು. “ಅದಕ್ಕ ಇಷ್ಟು ದೊಡ್ಡ ಜಾತ್ರಿ ಯಾಕ? ಎಕ್ಸ್ ಜಾಗದಾಗ ಒಂದು ಹಾಕು. ಏನು ಬರ್ತೈತೋ ಅದ ಶೇಷ.”

ಅವಳು ಹಾಕಿದಳು. ಒಂದರಲ್ಲಿ ಐದು ಹೋಗಿ ಆರು ಸೇರಿ ಎರಡು. ಅತ್ತ ಭಾಗಾಕಾರದ ಕೊನೆಯ ಮೆಟ್ಟಿಲಲ್ಲೂ ಎರಡೇ ಕೂತಿತ್ತು. ಹುಡುಗಿ ಎರಡನ್ನೂ ಮತ್ತೆ ಮತ್ತೆ ನೋಡಿ, “ಯಾಕ ಹಂಗ?” ಎಂದಳು.

“ಹಂಗ ಅಂದ್ರ ಹಂಗ. ಥಿಯರಮ್ ಐತಿ.”

“ಐತಿ ಖರೆ. ಆದ್ರ ಯಾಕ?”

ನನಗೆ ಗೊತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಫಸ್ಟ್ ಕ್ಲಾಸ್ ಬಂದವಳು ನಾನು, ಯಾಕೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, “ಮಲಗೋ ಹೊತ್ತಿನಾಗ ತಲಿ ತಿನ್ನಬ್ಯಾಡ” ಎಂದು ಮಗ್ಗುಲಾದೆ.

ಮರುದಿನ ಬೆಳಿಗ್ಗೆ ನಾನು ಆಫೀಸಿನ ಕ್ಯಾಬಿಗೆ ಅವಸರದಲ್ಲಿ ರೊಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ಅವಳೇ ಅಡುಗೆಮನೆಗೆ ಬಂದಳು.

“ಅತ್ತಿ, ಯಾಕ ಅಂತ ಗೊತ್ತಾತು. ಹದಿನೇಳನ್ನ ಐದರಿಂದ ಭಾಗಿಸಿದ್ರ ಎರಡು ಉಳೀತೈತಿ. ಅಂದ್ರ ಹದಿನೇಳು ಅಂದ್ರ ಐದು ಮೂರ್ಲೆ, ಅದರ ಮ್ಯಾಲ ಎರಡು. ಇದೂ ಹಂಗ. ನಿನ್ನಿ ಲೆಕ್ಕ ಅಂದ್ರ x − 1 ನ್ನ ಯಾವುದಕ್ಕೋ ಗುಣಿಸಿದ್ದು, ಅದರ ಮ್ಯಾಲ ಶೇಷ. ಈಗ ಎಕ್ಸ್ ಜಾಗದಾಗ ಒಂದು ಕುಂತ್ರ x − 1 ಸೊನ್ನಿ ಆಗ್ತೈತಿ. ಸೊನ್ನಿಗೆ ಗುಣಿಸಿದ್ದು ಎಷ್ಟ ದೊಡ್ಡದಿರ್ಲಿ, ಹೋತು. ಶೇಷ ಒಂದ ನಿಂತಿರ್ತೈತಿ.”

ರೊಟ್ಟಿ ಕೈಯಲ್ಲೇ ಉಳಿಯಿತು. ಇಷ್ಟು ಸರಳ ಮಾತು ನನ್ನ ಇಡೀ ಕಾಲೇಜಿನಲ್ಲಿ ಯಾರಿಗೂ ಹೇಳಲು ಬಂದಿರಲಿಲ್ಲ.

“ಇನ್ನೂ ಐತಿ” ಎಂದಳು. ಉತ್ಸಾಹ ಬಂದರೆ ಇವಳೇ ಬೇರೆ. “ಎಕ್ಸ್ ಜಾಗದಾಗ ಮೂರು ಹಾಕಿದ್ರ ಸೊನ್ನಿ ಬರ್ತೈತಿ. ಶೇಷ ಸೊನ್ನಿ ಅಂದ್ರ x − 3 ಪೂರಾ ಭಾಗಿಸ್ತೈತಿ. ಅಂದ್ರ ಅದು ಫ್ಯಾಕ್ಟರ್. ಅಂದ್ರ ಎಕ್ಸ್ ಎಷ್ಟಿದ್ರ ಸೊನ್ನಿ ಬರ್ತೈತಿ ಅನ್ನೋ ಪ್ರಶ್ನಿಗೆ ಮೂರು ಅನ್ನೋದು ಆನ್ಸರ್. ಶೇಷ, ಫ್ಯಾಕ್ಟರ್, ಆನ್ಸರ್ ಅಂತ ಕ್ಲಾಸಿನಾಗ ಮೂರು ಬ್ಯಾರೆ ಬ್ಯಾರೆ ಹೆಸರು. ಇರೋದು ಒಂದ ಮಾತು ಅತ್ತಿ! ಹಂಗಾದ್ರ ಆನ್ಸರ್ ಗೊತ್ತಿದ್ರ ಲೆಕ್ಕ ಕಟ್ಟಬಹುದು, ಹೌದಿಲ್ಲೊ?”

“ಊಟ ಆದ ಮ್ಯಾಲ ಒಲಿ ಹಚ್ಚಿದಂಗ ಆತು ಅದು. ಯಾರಿಗೆ ಬೇಕವ್ವಾ?” ಎಂದು ನಾನು ಓಡಿದೆ.

ಬೇಕಿದ್ದದ್ದು ಅವಳಿಗೇ. ನನಗೆ ಇದು ತಿಳಿದದ್ದು ಆಮೇಲೆ, ಆದರೆ ಓದುವವರನ್ನು ಕಾಯಿಸಿ ನನಗೇನು ಲಾಭ? ಈಗಲೇ ಹೇಳಿಬಿಡುತ್ತೇನೆ.

ಹಳೆ ಪುಸ್ತಕದ ವ್ಯಾಪಾರದಲ್ಲಿ ಒಂದು ಸಂಗತಿ ಇದೆ. ಯಾವ ಪಾಠ ಕಷ್ಟವೋ ಆ ಪಾಠದ ಹಾಳೆಗಳೇ ಪುಸ್ತಕದಲ್ಲಿ ಇರುವುದಿಲ್ಲ. ಹಿಂದಿನ ವರ್ಷದ ಹುಡುಗರು ಅವನ್ನೇ ಕಿತ್ತು, ಮಡಚಿ, ಅಂಗಿಯೊಳಗೆ ಇಟ್ಟುಕೊಂಡು ಪರೀಕ್ಷೆಗೆ ಹೋಗಿರುತ್ತಾರೆ. ಹೀಗಾಗಿ ಬಹುಪದೋಕ್ತಿಗಳ, ಅಂದರೆ ಈ ಎಕ್ಸ್ ಲೆಕ್ಕಗಳ, ಪಾಠ ಹಳೆ ಪುಸ್ತಕಗಳಲ್ಲಿ ಬಂಗಾರದಷ್ಟು ಅಪರೂಪ. ಅದು ಸಿಕ್ಕರೆ ಅಣ್ಣ ಮಾರುವ ಪುಸ್ತಕಕ್ಕೆ ಹೊಲಿಯುತ್ತಾನೆ. ಪುಸ್ತಕದ ಹಿಂಭಾಗದ ಉತ್ತರದ ಹಾಳೆಗಳು ಮಾತ್ರ ಬೇಕಾದಷ್ಟು ಉಳಿಯುತ್ತವೆ. ಬರೀ ಉತ್ತರ ಒಯ್ದು ಪರೀಕ್ಷೆಯಲ್ಲಿ ಯಾರೂ ಪಾಸಾಗುವುದಿಲ್ಲ ಎಂಬಷ್ಟು ಬುದ್ಧಿ ಕಾಪಿ ಹೊಡೆಯುವವರಿಗೂ ಇರುತ್ತದೆ. ಆ ವರ್ಷ ಶಾಂಭವಿಗೆ ಸಿಕ್ಕ ಗಣಿತದ ಅಭ್ಯಾಸ ಪುಸ್ತಕದಲ್ಲಿ ಆ ಪಾಠದ ಲೆಕ್ಕಗಳ ಒಂದು ಹಾಳೆಯೂ ಇರಲಿಲ್ಲ. ಉತ್ತರಗಳು ಎಲ್ಲ ಇದ್ದವು.

ಸಾವಿತ್ರಿ ಟೀಚರ್ ಆ ಪಾಠದ ಲೆಕ್ಕಗಳನ್ನು ಮನೆಗೆಲಸಕ್ಕೆ ಕೊಟ್ಟರು. ಬೇರೆ ಮಗುವಾಗಿದ್ದರೆ ಗೆಳತಿಯ ಪುಸ್ತಕ ಕೇಳುತ್ತಿತ್ತು. ಅಪ್ಪನಿಗೆ ಹೇಳುತ್ತಿತ್ತು. ಹೋಗಲಿ, ನನಗಾದರೂ ಹೇಳುತ್ತಿತ್ತು. ಅಪ್ಪನಿಗೆ ಹೇಳಿದರೆ ಪುಸ್ತಕಕ್ಕೆ ಬರವಿಲ್ಲದ ಮನೆಯ ಯಜಮಾನನ ಮುಖ ಏನಾಗಬೇಡ ಎಂದು ಈ ಮಹಾತಾಯಿ ಯೋಚಿಸಿದಳು. ಉತ್ತರದ ಹಾಳೆ ತೆಗೆದಳು. ಉತ್ತರ ಎರಡು ಮತ್ತು ಮೂರು ಎಂದಿದ್ದರೆ x − 2, x − 3 ಗುಣಿಸಿದಳು, x² − 5x + 6 ಎಂಬ ಲೆಕ್ಕ ಹುಟ್ಟಿಸಿದಳು, ಅದನ್ನು ಪ್ರಶ್ನೆ ಎಂದು ಅಂದವಾಗಿ ಬರೆದು, ಕೆಳಗೆ ಬಿಡಿಸಿದಳು. ಎಲ್ಲ ಲೆಕ್ಕವನ್ನೂ ಹೀಗೇ ಮಾಡಿ, ಅಂಚು ಗೀಟು ಹಾಕಿ ಒಪ್ಪಿಸಿದಳು.

ವಾರ ಕಳೆಯುವಷ್ಟರಲ್ಲಿ ಶಾಲೆಯಿಂದ ಚೀಟಿ ಬಂತು. ಶನಿವಾರ ತಂದೆ ಬಂದು ಗಣಿತದ ಟೀಚರನ್ನು ಕಾಣಬೇಕು.

ಅಣ್ಣನ ಸಂಭ್ರಮ ನೋಡಬೇಕಿತ್ತು. “ಎ ಸೆಕ್ಷನ್ನಿಗೆ ಹಾಕ್ಯಾರ! ಅದನ್ನ ಹೇಳಾಕ ಕರ್ದಾರ!” ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೇಕರಿಯಿಂದ ಒಂದು ಪೊಟ್ಟಣ ಉಸ್ಮಾನಿಯಾ ಬಿಸ್ಕೀಟು ಕಟ್ಟಿಸಿದ. ಟೀಚರು ಇಂಗ್ಲಿಷಿನಲ್ಲಿ ಹೊಗಳಿದರೆ ತಿಳಿಯಬೇಕಲ್ಲ ಎಂದು ನನ್ನನ್ನೂ ಎಳೆದುಕೊಂಡು ಹೊರಟ. ದಾರಿಯುದ್ದಕ್ಕೂ ಅವನೊಬ್ಬನೇ ಮಾತಾಡಿದ. ಶಾಂಭವಿ ನೆಲ ನೋಡುತ್ತ ನಡೆದಳು.

ಸಾವಿತ್ರಿ ಟೀಚರ್ ನಮ್ಮ ಹೆಸರು, ಮಾತಿನ ವರಸೆ ಕೇಳಿದ್ದೇ ಇಂಗ್ಲಿಷ್ ಬಿಟ್ಟರು. ರಾಯಚೂರಿನವರಂತೆ. “ಚಲೋ ಆತು ಬಿಡ್ರಿ. ಇಂಗ್ಲಿಷಿನಾಗ ಎಷ್ಟ ಬೈದ್ರೂ ಬೈದಂಗ ಅನಸಂಗಿಲ್ಲ” ಎಂದರು. ಅಣ್ಣ ಬಿಸ್ಕೀಟಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟವನು, ಬೈದಂಗ ಎಂಬ ಮಾತು ಕೇಳಿ ಮೆಲ್ಲಗೆ ತೊಡೆಯ ಮೇಲೆ ವಾಪಸ್ ತೆಗೆದುಕೊಂಡ.

ಟೀಚರ್ ನೋಟುಬುಕ್ಕು ತೆರೆದರು. “ನೋಡ್ರಿ ಇವರ, ಇದು ನಿಮ್ಮ ಮಗಳ ಹೋಮ್‌ವರ್ಕ್. ಪುಸ್ತಕದಾಗ 2x² − 10x + 12 ಐತಿ. ಈಕಿ x² − 5x + 6 ಅಂತ ಬರದಾಳ. ಕೆಲವು ಪುಸ್ತಕದ ಲೆಕ್ಕನ ಅದಾವ, ಕೆಲವು ಪುಸ್ತಕದಾಗ ಇಲ್ಲವ ಇಲ್ಲ. ಆದ್ರ ಆನ್ಸರ್ ಮಾತ್ರ ಎಲ್ಲಾ ಪುಸ್ತಕದ್ದು, ಒಂದೂ ತಪ್ಪಿಲ್ಲ. ಯಾವ ಗೈಡಿನಿಂದ ಇಳಿಸಿದಿ ಅಂತ ಕೇಳಿದ್ರ ಬಾಯಿ ಬಿಡವಲ್ಲಳು. ಕಾಪಿ ಮಾಡೋರನ್ನ ಎ ಸೆಕ್ಷನ್ನಿಗೆ ನಾ ತಗೊಳ್ಳಂಗಿಲ್ರಿ. ಇವತ್ತ ಹೇಳ್ಲಿಲ್ಲ ಅಂದ್ರ ಸೋಮವಾರದಿಂದ ಬಿ ಸೆಕ್ಷನ್.”

ಅಣ್ಣನಿಗೆ ತಿಳಿದಿದ್ದ ಒಂದೇ ಒಂದು ವಾದ ಹೊರಗೆ ಬಂತು. “ನಮ್ಮ ಹುಡುಗಿಗೆ ಗೈಡ್ ಯಾಕ ಬೇಕ್ರಿ ಟೀಚರ್? ನಮ್ಮ ಮನ್ಯಾಗ ಪುಸ್ತಕಕ್ಕ ಬರ ಇಲ್ರಿ. ಅಬಿಡ್ಸ್‌ನಾಗ ನಂದು ಅಂಗಡಿನ ಐತಿ.”

ಶಾಂಭವಿ ತನ್ನ ಚೀಲದ ಪಟ್ಟಿಯನ್ನು ಎರಡೂ ಕೈಯಿಂದ ಬಿಗಿ ಹಿಡಿದಳು. ಆ ಹಿಡಿತ ನೋಡಿದ್ದೇ ನನಗೆ ಎಲ್ಲ ಹೊಳೆಯಿತು. ಉಳಿದ ಹಾಳೆಯ ಪುಸ್ತಕ. ಆನ್ಸರ್ ಗೊತ್ತಿದ್ದರೆ ಲೆಕ್ಕ ಕಟ್ಟಬಹುದು, ಹೌದಿಲ್ಲೊ? ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿದಳು. ಬೇಡ ಅತ್ತಿ, ಅಪ್ಪನ ಮುಂದೆ ಬೇಡ. ಅಷ್ಟನ್ನು ಆ ಕಣ್ಣು ಕೂಗಿ ಹೇಳಿತು. ಸಿಟ್ಟು ನೆತ್ತಿಗೇರಿತು ನನಗೆ, ಅವಳ ಮೇಲೂ, ಆ ಇಸ್ತ್ರಿ ಅಂಗಿಯ ಮೇಲೂ. ಆದರೂ ಅವಳ ಮಾತು ಮೀರಲು ಆಗಲಿಲ್ಲ.

“ಟೀಚರ್” ಎಂದೆ, “ಎಲ್ಲಿಂದ ತಂದಿ ಅಂತ ಕೇಳಬ್ಯಾಡ್ರಿ. ನೀವ ಒಂದು ಲೆಕ್ಕ ಮನಸಿನಾಗ ಇಟ್ಕೊಂಡು ಬರೇ ಆನ್ಸರ್ ಹೇಳ್ರಿ. ಈಕಿ ಲೆಕ್ಕ ಕಟ್ಟತಾಳೋ ಇಲ್ಲೋ ನೋಡ್ರಿ.”

ಟೀಚರ್ ನನ್ನನ್ನು ಒಮ್ಮೆ, ಹುಡುಗಿಯನ್ನು ಒಮ್ಮೆ ನೋಡಿದರು. ಒಂದು ಚೀಟಿಯ ಮೇಲೆ ಏನೋ ಬರೆದು ಮಡಚಿ, ಅಂಗೈ ಕೆಳಗೆ ಇಟ್ಟುಕೊಂಡರು. “ಆನ್ಸರ್ ಎರಡು, ಮೂರು, ಮೈನಸ್ ನಾಲ್ಕು. ಹೋಗು ಬೋರ್ಡಿಗೆ.”

ಬೋರ್ಡಿನ ಹತ್ತಿರ ಹೋದ ಶಾಂಭವಿ ನಮ್ಮ ಮನೆಯ ಶಾಂಭವಿ ಅಲ್ಲ. ಬೆನ್ನು ನೆಟ್ಟಗಾಯಿತು. “ಆನ್ಸರ್ ಎರಡು ಅಂದ್ರ ಫ್ಯಾಕ್ಟರ್ x − 2. ಮೂರು ಅಂದ್ರ x − 3. ಮೈನಸ್ ನಾಲ್ಕು ಅಂದ್ರ x + 4, ಯಾಕಂದ್ರ ಅಲ್ಲೆ ಮೈನಸ್ ನಾಲ್ಕು ಕುಂತ್ರ ಸೊನ್ನಿ ಆಗಬೇಕಲ್ಲ” ಎನ್ನುತ್ತ ಮೂರನ್ನೂ ಗುಣಿಸಿ ಬರೆದಳು: x³ − x² − 14x + 24.

“ತಪ್ಪು” ಎಂದರು ಟೀಚರ್.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಹೆಂಗ ತಪ್ಪಾಗ್ತೈತ್ರಿ? ಎರಡು ಹಾಕಿ ನೋಡ್ರಿ, ಮೂರು ಹಾಕಿ ನೋಡ್ರಿ...”

“ನೀವು ಕುಂಡ್ರಿ. ಆನ್ಸರ್ ಅವ. ಆದ್ರ ನನ್ನ ಲೆಕ್ಕ ಇದಲ್ಲ.”

ಕೂತೆ. ಕೂರದೆ ಏನು ಮಾಡಲಿ, ಟೀಚರ್ ಎಂದರೆ ಈ ವಯಸ್ಸಿನಲ್ಲೂ ಮೊಣಕಾಲು ತಾನಾಗಿ ಮಡಚುತ್ತದೆ. ಅಣ್ಣನಿಗೆ ಬೋರ್ಡಿನ ಮೇಲಿನ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ತಪ್ಪು ಎಂಬ ಮಾತು ಮಾತ್ರ ತಿಳಿದಿತ್ತು. ಬಿಸ್ಕೀಟಿನ ಪೊಟ್ಟಣ ಅವನ ಬೆರಳೊಳಗೆ ಪುಡಿಯಾಗುತ್ತಿತ್ತು.

ಶಾಂಭವಿ ಚಾಕ್‌ಪೀಸ್ ಹಿಡಿದು ನಿಂತಳು. ತಾನು ಬರೆದದ್ದನ್ನು ಮೊದಲಿನಿಂದ ಓದಿದಳು. ಇನ್ನೇನು ಎಂದಿನಂತೆ “ಇರ್ಲಿ ಬಿಡ್ರಿ” ಎಂದು ಚಾಕ್‌ಪೀಸ್ ಇಟ್ಟು ಬಂದುಬಿಡುತ್ತಾಳೆ ಎಂದು ನಾನು ತುಟಿ ಕಚ್ಚಿದೆ.

“ಟೀಚರ್” ಎಂದಳು, ತಿರುಗದೆಯೇ, “ನಂದನ್ನ ಇಡಿಯಾಗಿ ಎರಡರಿಂದ ಗುಣಿಸಿದ್ರೂ ಆನ್ಸರ್ ಇವ ಬರ್ತಾವ. ಐದರಿಂದ ಗುಣಿಸಿದ್ರೂ ಇವ. ಸೊನ್ನಿನ ಎಷ್ಟರಿಂದ ಗುಣಿಸಿದ್ರೂ ಸೊನ್ನಿನ ಅಲ್ಲ? ಅದಕ್ಕ ಆನ್ಸರ್ ನೋಡಿ ನಿಮ್ಮ ಲೆಕ್ಕ ಯಾವುದು ಅಂತ ತಿಳಿಯಂಗಿಲ್ಲ.”

“ಮತ್ತ?”

“ಎಲ್ಲೆ ಸೊನ್ನಿ ಬರಂಗಿಲ್ಲೋ ಅಲ್ಲೆ ತಿಳೀತೈತಿ. ನಿಮ್ಮ ಲೆಕ್ಕವನ್ನ x − 1 ರಿಂದ ಭಾಗಿಸಿದ್ರ ಎಷ್ಟು ಉಳೀತೈತಿ, ಅದೊಂದು ಹೇಳ್ರಿ.”

ಸಾವಿತ್ರಿ ಟೀಚರ್ ಮುಖದ ಮೇಲೆ ಏನೋ ಸಡಿಲಾಯಿತು. ಚೀಟಿಯನ್ನು ಮರೆಯಲ್ಲಿ ತೆರೆದು, ತುಟಿಯಲ್ಲೇ ಕೂಡಿಸಿ ಕಳೆದು, “ಮೂವತ್ತು” ಎಂದರು.

ಶಾಂಭವಿ ತನ್ನದರಲ್ಲಿ ಎಕ್ಸ್ ಜಾಗಕ್ಕೆ ಒಂದು ಹಾಕಿದಳು. ಹತ್ತು ಬಂತು. “ನಂದರಾಗ ಹತ್ತು ಉಳೀತು, ನಿಮ್ಮದರಾಗ ಮೂವತ್ತು. ಅಂದ್ರ ನಿಮ್ಮದು ನಂದರ ಮೂರು ಪಟ್ಟು” ಎಂದು ಬರೆದಳು: 3x³ − 3x² − 42x + 72.

ಟೀಚರ್ ಚೀಟಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಅದರಲ್ಲೂ ಅದೇ ಇತ್ತು. ನಾನು ಚಪ್ಪಾಳೆ ತಟ್ಟಿದೆ, ಒಬ್ಬಳೇ, ಆಮೇಲೆ ನಾಚಿಕೆಯಾಗಿ ನಿಲ್ಲಿಸಿದೆ.

“ಇಷ್ಟು ಗೊತ್ತಿದ್ದಾಕಿ ಹೋಮ್‌ವರ್ಕಿನಾಗ ಎರಡು ಪಟ್ಟು, ಮೂರು ಪಟ್ಟು ಯಾಕ ಬಿಟ್ಟಿ?” ಟೀಚರ್ ಈಗ ಬೈಯುವ ದನಿಯಲ್ಲಿ ನಗುತ್ತಿದ್ದರು.

“ಅಲ್ಲೆ ಶೇಷ ಯಾರೂ ಹೇಳಿರ್ಲಿಲ್ಲ ಟೀಚರ್. ಹಿಂದಿನ ಹಾಳ್ಯಾಗ ಬರೇ ಆನ್ಸರ್ ಇದ್ವು. ಲೆಕ್ಕದ ಹಾಳಿ ಇದ್ದಿದ್ರ...”

ಗೆದ್ದ ಖುಷಿಯಲ್ಲಿ ಬಾಯಿ ತಾನಾಗಿ ಓಡಿತ್ತು. ಓಡಿದ್ದು ತಿಳಿದು ಅವಳು ಗಕ್ಕನೆ ನಿಂತಳು. ತಡವಾಗಿತ್ತು.

ಬೋರ್ಡಿನ ಮೇಲಿನದು ಅಣ್ಣನಿಗೆ ತಿಳಿಯದಿರಬಹುದು, ಹಾಳೆ ಎಂಬ ಮಾತು ತಿಳಿಯದೆ ಇರುತ್ತದೆಯೇ? ಅವನು ಎದ್ದು ಹೋಗಿ ಅವಳ ಹೆಗಲಿನಿಂದ ಚೀಲ ಇಳಿಸಿದ. ಗಣಿತದ ಪುಸ್ತಕ ತೆಗೆದ. ಬೆರಳು ಎಂಜಲು ಮಾಡಿಕೊಂಡು ಹಾಳೆ ಮಗುಚಿದ. ಮೊದಲ ಪಾಠ ಇತ್ತು. ಆಮೇಲಿನ ಪಾಠದ ಹೆಸರಿನ ಹಾಳೆ ಇತ್ತು. ಅದನ್ನು ತಿರುಗಿಸಿದರೆ ತ್ರಿಭುಜಗಳು. ನಡುವೆ ತನ್ನದೇ ಮೇಣದ ದಾರದ ಹೊಲಿಗೆ, ಎಂದಿನಂತೆ ಚೊಕ್ಕ. ಅವನು ಆ ದಾರದ ಮೇಲೆ ಹೆಬ್ಬೆರಳು ಆಡಿಸಿದ.

“ಈ ಹಾಳಿ ನಾನ ಮಾರೀನ್ರಿ ಟೀಚರ್” ಎಂದ. ದನಿಯಲ್ಲಿ ನವಾಬಗಿರಿ ಇರಲಿಲ್ಲ. “ಊರ ಮಕ್ಕಳಿಗೆಲ್ಲ ಹಾಳಿ ಎಣಿಸಿ ಹೊಲದು ಕೊಟ್ಟೆ. ನನ್ನ ಮಗಳಿಗೆ ಎಣಿಸಲಿಲ್ಲ.”

ಇಷ್ಟು ವರ್ಷ ಅವನನ್ನು ಚುಚ್ಚಿದ ನನಗೇ ಅಣ್ಣ ಪಾಪ ಅನಿಸಿತು, ಅವಳೂ ಪಾಪ ಅನಿಸಿತು.

“ಅಪ್ಪಾ, ಇರ್ಲಿ ಬಿಡು” ಎಂದಳು ಶಾಂಭವಿ. “ಹಾಳಿ ಇದ್ದಿದ್ರ ನಾ ಬರೇ ಬಿಡಿಸಿ ಮುಗಸ್ತಿದ್ದೆ. ಇಲ್ಲಂತ ಇಷ್ಟೆಲ್ಲಾ ತಿಳೀತು.”

“ಏ, ಸಾಕು!” ಸಾವಿತ್ರಿ ಟೀಚರ್ ಗದರಿದರು. “ಅಪ್ಪಗ ಸಮಾಧಾನ ಮಾಡಾಕ ಗಣಿತ ಬಳಸಬ್ಯಾಡ. ನಿನ್ನ ಹೆಸರು ಎ ಸೆಕ್ಷನ್ನಿನಾಗ ಬರೀತೀನಿ. ಆದ್ರ ಒಂದು ಮಾತು ಕೇಳು. ಆನ್ಸರ್ ನೋಡಿ ನೀ ಲೆಕ್ಕ ಕಟ್ಟತಿ, ಭೇಷ್. ನಿನ್ನ ಮಾರಿ ನೋಡಿ ನಿನಗೇನು ಇಲ್ಲ ಅಂತ ಕಂಡು ಹಿಡಿಯೋ ಥಿಯರಮ್ ನನಗ ಯಾರೂ ಕಲಸಿಲ್ಲ. ಬಾಯಿ ಬಿಟ್ಟು ಹೇಳ್ದಿದ್ರ ಇವತ್ತ ನಾನ ಕೈಯಾರ ನಿನ್ನ ಬಿ ಸೆಕ್ಷನ್ನಿಗೆ ತಳ್ಳತಿದ್ದೆ. ತಿಳೀತಾ?”

ಶಾಂಭವಿ ತಲೆಯಾಡಿಸಿದಳು. ಈ ತಲೆಯಾಡಿಸುವುದನ್ನು ನಾನು ಹದಿನೈದು ವರ್ಷದಿಂದ ನೋಡುತ್ತ ಬಂದವಳು. ತಿಳಿಯಿತು ಎಂದು ಆಡಿಸುತ್ತಾಳೆ, ಮತ್ತೆ ಚಪ್ಪಲಿಗೆ ಪಿನ್ನು ಹಾಕುತ್ತಾಳೆ. ಎ ಸೆಕ್ಷನ್ ಸಿಕ್ಕ ಸಂತೋಷದ ನಡುವೆಯೂ ನನಗೆ ಅದೇ ಚಿಂತೆ. ಎ ಸೆಕ್ಷನ್ನಿನಲ್ಲಿ ಮುಂದಿನ ಪಾಠದ ಹಾಳೆ ಇಲ್ಲದಿದ್ದರೆ? ಅದರಾಚೆಗೆ ಕಾಲೇಜಿನಲ್ಲಿ, ಕೆಲಸದಲ್ಲಿ? ಎಲ್ಲದಕ್ಕೂ ಉತ್ತರದಿಂದ ಹಿಂದಕ್ಕೆ ನಡೆಯಲು ಆಗುತ್ತದೆಯೇ?

ಪುಡಿಯಾದ ಬಿಸ್ಕೀಟನ್ನು ಟೀಚರ್ ಬಲವಂತದಿಂದ ತೆಗೆದುಕೊಂಡರು, ಚಮಚದಿಂದ ತಿನ್ನುತ್ತೇನೆ ಎಂದರು. ಅಣ್ಣ ಶಾಲೆಯ ಗೇಟಿನಿಂದಲೇ ಅಬಿಡ್ಸ್ ಬಸ್ಸು ಹತ್ತಿದ. ಮನೆಗೆ ಬಂದು ನಾನು ವೈನಿಗೆ ನಡೆದದ್ದೆಲ್ಲ ಹೇಳಿದೆ. ಇದ್ದುದರಲ್ಲಿ ಹೊಂದಿಕೊಳ್ಳುವ ಮಗಳ ಗುಣವನ್ನು ಕೇರಿಯಲ್ಲೆಲ್ಲ ಹೊಗಳಿದಾಕೆ ಕೇಳುತ್ತ ಕೇಳುತ್ತ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಯಿತು.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಬಂದ. ಬಗಲಲ್ಲಿ ಕಾಗದ ಸುತ್ತಿದ ಪುಸ್ತಕ. ಕೈಕಾಲು ತೊಳೆಯಲಿಲ್ಲ, ಚಹಾ ಮುಟ್ಟಲಿಲ್ಲ, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಗಳನ್ನು ಕರೆದ.

“ಒಂದೊಂದು ಹಾಳಿ ನಾನ ಎಣಿಸೀನಿ. ಮ್ಯಾಲಿನ ನಂಬರು, ಕೆಳಗಿನ ನಂಬರು ಎಲ್ಲಾ ನೋಡೀನಿ. ಒಂದೂ ಹೋಗಿಲ್ಲ. ಗಿರಾಕಿ ಒಬ್ಬಾಂವ ಕೇಳಿದ, ನನ್ನ ಮಗಳದ್ದು, ಕೊಡಂಗಿಲ್ಲ ಅಂದೆ” ಎಂದು ಎರಡೂ ಕೈಯಿಂದ ಕೊಟ್ಟ.

ಅವನ ಮುಖದಲ್ಲಿ ಮಧ್ಯಾಹ್ನದ ಕಪ್ಪು ಹೋಗಿ ಬೆಳಕು ಬಂದಿತ್ತು. ಶಾಂಭವಿ ಕಾಗದ ಬಿಚ್ಚಿದಳು. ರಟ್ಟು ನೋಡಿದಳು. ನಾನು ಅವಳ ಭುಜದ ಮೇಲಿಂದ ಇಣುಕಿದೆ, ಇಣುಕಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹಾಳೆ ಎಣಿಸುವ ಭರದಲ್ಲಿ ಪುಣ್ಯಾತ್ಮ ರಟ್ಟು ನೋಡಿರಲಿಲ್ಲ. ಅದು ಅಭ್ಯಾಸ ಪುಸ್ತಕದ ಎರಡನೇ ಭಾಗ. ಬಹುಪದೋಕ್ತಿ ಇರುವುದು ಮೊದಲನೆಯದರಲ್ಲಿ.

ವೈನಿ ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಮಗಳ ಮುಖವನ್ನೇ ನೋಡುತ್ತಿದ್ದ. ಶಾಂಭವಿ ಪುಸ್ತಕ ಎದೆಗೆ ಒತ್ತಿಕೊಂಡಳು. ಅವಳ ತುಟಿಯ ಮೇಲೆ ಆ ಹಳೆಯ ನಗು ಮೂಡತೊಡಗಿತು, ಚಲೋ ಐತಿ ಅಪ್ಪಾ ಎನ್ನುವ ನಗು. ನಾನು ಈ ಬಾರಿ ಅವಳ ಪರವಾಗಿ ಬಾಯಿ ತೆರೆಯಬಾರದು ಎಂದು ಸೆರಗಿನ ಚುಂಗು ಹಲ್ಲಲ್ಲಿ ಕಚ್ಚಿ ಹಿಡಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ನಗು ಅರ್ಧಕ್ಕೆ ನಿಂತಿತು. ಅವಳು ಪುಸ್ತಕವನ್ನು ಎದೆಯಿಂದ ಇಳಿಸಿದಳು.

“ಅಪ್ಪಾ, ಇದು ಎರಡನೇ ಭಾಗ ಐತಿ.” ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿ. “ನನಗ ಮೊದಲನೇದು ಬೇಕು.”

ಹದಿನೈದು ವರ್ಷದ ಹುಡುಗಿಯ ಬಾಯಲ್ಲಿ ಬೇಕು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ವೈನಿ ಕಣ್ಣಿಗೆ ಸೆರಗು ಹಚ್ಚಿದಳು. ಅಣ್ಣ ರಟ್ಟು ನೋಡಿದ, ಮಗಳನ್ನು ನೋಡಿದ.

“ಏನಂದಿ? ಇನ್ನೊಮ್ಮೆ ಅನ್ನು.”

“ನನಗ ಮೊದಲನೇದು ಬೇಕಪ್ಪಾ” ಎಂದಳು, ಈ ಸಲ ಜೋರಾಗಿ.

ಅವನು ಎದ್ದ. ಇಷ್ಟೊತ್ತಿನಲ್ಲಿ ಅಂಗಡಿ ತೆಗೆದು ಏನು ಮಾಡುತ್ತೀ, ನಾಳೆ ತಂದರಾಯಿತು ಎಂದು ವೈನಿ ಕೂಗುತ್ತಿದ್ದಂತೆಯೇ ಚಪ್ಪಲಿ ಮೆಟ್ಟಿ, ಎರಡೆರಡು ಮೆಟ್ಟಿಲು ಇಳಿಯುತ್ತ ಬಸ್ಸಿಗೆ ಓಡಿದ.